ತಡವಾಗಿ ಬರುವ ಚೆಂಡು

ಕಿರಂಗೂರು

ವಿದೇಶಕ್ಕೆ ಹೋಗುವವರು ಸಾಮಾನ್ಯವಾಗಿ ಏನನ್ನಾದರೂ ನೋಡಲಿಕ್ಕೆ ಹೋಗುತ್ತಾರೆ. ನಾವು ಹೋಗಿದ್ದು ಒಂದು ಚೆಂಡಿನ ಮೇಲೆ ಐದು ಬೆರಳನ್ನು ಎಲ್ಲೆಲ್ಲಿ ಇಡಬೇಕು ಎಂದು ಕಲಿಯಲಿಕ್ಕೆ. ಹೀಗೆ ಹೇಳಿದರೆ ನಮ್ಮೂರಿನಲ್ಲಿ ಒಬ್ಬರೂ ನಂಬಲಿಲ್ಲ. "ಬೆರಳು ಮಡಗಾಕೆ ಏರೋಪ್ಲೇನು ಹತ್ಬೇಕಾ?" ಎಂದು ನಮ್ಮ ಭಾವ ಕೇಳಿದರು. ಪ್ರಶ್ನೆ ಸರಿಯಾಗಿಯೇ ಇತ್ತು, ಹಾಗಾಗಿ ನನಗೆ ಸಿಟ್ಟು ಬಂತು.

ನಾನು ಪಾಂಡವಪುರದ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಟೀಚರು. ಕೊಕ್ಕೋ, ಕಬಡ್ಡಿ, ಥ್ರೋಬಾಲು ಆಡಿಸಿಕೊಂಡು ನೆಮ್ಮದಿಯಾಗಿದ್ದವಳು. ಬೇಸ್‌ಬಾಲ್ ಶಿಬಿರಕ್ಕೆ ಯಾರನ್ನಾದರೂ ಕಳಿಸಲೇಬೇಕು ಎಂದಾಗ ಉಳಿದವರೆಲ್ಲ ರಜೆ ಹಾಕಿದ್ದರು, ನಾನು ಸಿಕ್ಕಿಬಿದ್ದೆ. ಹೋದವಳು ಹುಚ್ಚು ಹಿಡಿಸಿಕೊಂಡು ಬಂದೆ. ಈಗ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕಿನ ಕಾಲೇಜು ಹುಡುಗಿಯರನ್ನು ಕೂಡಿಸಿ ಭಾನುವಾರಗಳಂದು ಕಿರಂಗೂರಿನ ಒಂದು ಬಯಲಿನಲ್ಲಿ ಆಡಿಸುತ್ತೇನೆ. ಪಕ್ಕದ ಗದ್ದೆ ಕೊಯ್ಲಾದಾಗ ನಮ್ಮ ಮೈದಾನ ದೊಡ್ಡದಾಗುತ್ತದೆ, ನಾಟಿಯಾದ ಮೇಲೆ ಚಿಕ್ಕದಾಗುತ್ತದೆ. ಚೆಂಡು ಕೆಸರಿಗೆ ಬಿದ್ದರೆ ಗದ್ದೆಯ ಯಜಮಾನರು ಬೈದುಕೊಂಡೇ ಎತ್ತಿಕೊಡುತ್ತಾರೆ.

ನಮ್ಮ ತಂಡದ ಪಿಚರ್ ಸೌಮ್ಯ. ಪಿಚರ್ ಎಂದರೆ ಮೈದಾನದ ನಡುವಿನ ಮಣ್ಣಿನ ದಿಬ್ಬದ ಮೇಲೆ ನಿಂತು ಚೆಂಡು ಎಸೆಯುವವಳು. ಆಟದ ಜುಟ್ಟು ಅವಳ ಕೈಯಲ್ಲಿರುತ್ತದೆ. ಸೌಮ್ಯಳದು ಸಂತೆಬಾಚಹಳ್ಳಿ ಪಕ್ಕದ ಹಳ್ಳಿ. ಜೋಳದ ಹೊಲದಲ್ಲಿ ಗಿಣಿ ಓಡಿಸಲು ಕಲ್ಲು ಬೀಸಿ ಬೀಸಿ ಬಂದ ತೋಳು ಅವಳದು. ಚೆಂಡು ಬಾಣದ ಹಾಗೆ ಹೋಗುತ್ತದೆ. ಆದರೆ ಹೋಗುವುದು ಒಂದೇ ವೇಗದಲ್ಲಿ. ಮೊದಲ ವರ್ಷ ಅವಳನ್ನು ಕಂಡರೆ ಎದುರಾಳಿಗಳು ನಡುಗುತ್ತಿದ್ದರು. ಎರಡನೆಯ ವರ್ಷ ಎಲ್ಲರಿಗೂ ಆ ವೇಗ ಅಭ್ಯಾಸವಾಗಿ, ಬೆಳಗಿನ ಮೊದಲ ಬಸ್ಸಿಗೆ ಕಾಯುವವರ ಹಾಗೆ ಆರಾಮವಾಗಿ ನಿಂತು ಬಾರಿಸತೊಡಗಿದರು.

ಇದಕ್ಕೆ ಮದ್ದು ಚೇಂಜಪ್. ಕ್ರಿಕೆಟ್ಟಿನಲ್ಲಿ ಸ್ಲೋ ಬಾಲ್ ಎನ್ನುತ್ತೇವಲ್ಲ, ಅದರ ಅಕ್ಕನೆನ್ನಿ. ತೋಳು ಮಾತ್ರ ಅದೇ ಜೋರಿನಲ್ಲಿ ಬೀಸಬೇಕು, ಚೆಂಡು ತಡವಾಗಿ ಹೋಗಬೇಕು. ತೋಳನ್ನು ನಂಬಿದವಳು ಮೊದಲೇ ಬ್ಯಾಟು ಬೀಸಿ ಗಾಳಿಗೆ ಹೊಡೆಯುತ್ತಾಳೆ. ಈ ಮೋಸವೆಲ್ಲ ಇರುವುದು ಚೆಂಡನ್ನು ಹಿಡಿಯುವ ಬಗೆಯಲ್ಲಿ. ಸೌಮ್ಯ ಫೋನಿನಲ್ಲಿ ನೋಡಿ ನೋಡಿ ಎಷ್ಟೋ ತರಹ ಹಿಡಿದಳು. ಒಂದೂ ಕೈಗೆ ಕೂರಲಿಲ್ಲ.

ಆ ಹೊತ್ತಿಗೆ ತೈವಾನಿನ ತೈನಾನ್ ಪಟ್ಟಣದ ಒಂದು ಕಾಲೇಜು ತಂಡದಿಂದ ನಮಗೆ ಆಹ್ವಾನ ಬಂತು: ಬನ್ನಿ, ಒಟ್ಟಿಗೆ ಅಭ್ಯಾಸ ಮಾಡೋಣ, ಆಟ ಆಡೋಣ ಎಂದು. ಹೊರಡುವ ಮುನ್ನ ಸೌಮ್ಯಳನ್ನು ಕರೆದು ನೇರವಾಗಿ ಹೇಳಿದೆ, "ನೋಡವ್ವ, ಅಲ್ಲಿಂದ ಬರೋದ್ರೊಳ್ಗೆ ನಿಧಾನದ ಬಾಲು ಕಲೀಲಿಲ್ಲ ಅಂದ್ರೆ ಮುಂದಿನ ವರ್ಷ ದಿಬ್ಬದ ಮೇಲೆ ಕವಿತಾನ ನಿಲ್ಲಿಸ್ತೀನಿ. ನೀನು ಬೇರೆ ಕಡೆ ಆಡು." ಕವಿತಾ ನಮ್ಮ ಬದಲಿ ಪಿಚರ್.

"ಬೇರೆ ಕಡೆ ಆಡಾಕಿಲ್ಲ ಮೇಡಂ," ಎಂದಳು. "ಆಟನೇ ಬುಟ್ಬುಡ್ತೀನಿ."

ಗರ್ವದಿಂದ ಹೇಳಿದ ಮಾತಲ್ಲ ಅದು. ಕಣ್ಣು ನೆಲದಲ್ಲಿತ್ತು. ವ್ಯಾನು ಹತ್ತುವಾಗ ಅವಳ ಅವ್ವ ನನ್ನನ್ನು ಪಕ್ಕಕ್ಕೆ ಕರೆದು, "ಸೋತ್ರೂ ಪರ್ವಾಗಿಲ್ಲ ಮೇಡಮ್ಮೋರೆ, ಗೆದ್ರೂ ಪರ್ವಾಗಿಲ್ಲ. ಅವ್ಳ ಕೈಯಿಂದ ಚೆಂಡು ಮಾತ್ರ ಕಿತ್ಕಬೇಡಿ," ಎಂದರು. ನಾನು "ನೋಡಾಣ ಬುಡಿ" ಎಂದು ವ್ಯಾನಿನ ಬಾಗಿಲು ಎಳೆದುಕೊಂಡೆ. ತಂಡ ನಡೆಸುವವಳು ಎಲ್ಲರ ಅವ್ವಂದಿರ ಮಾತು ಕೇಳುತ್ತಾ ಕೂತರೆ ಆಗುತ್ತದೆಯೇ?

ವಿಮಾನ ನಿಲ್ದಾಣ

ತಪಾಸಣೆಯ ಕಡೆ ಸೌಮ್ಯ ಚೆಂಡನ್ನು ಕೈಯಲ್ಲೇ ಹಿಡಿದು ನಿಂತಿದ್ದಳು. ಟ್ರೇಗೆ ಹಾಕಮ್ಮ ಎಂದರು. ಹಾಕಿದಳು. ಆ ಖಾಲಿ ಟ್ರೇಯಲ್ಲಿ ಚೆಂಡು ಒಂದೇ ಉರುಳಾಡುತ್ತಾ ಯಂತ್ರದೊಳಗೆ ಹೋದಾಗ ಇವಳು ಈ ಕಡೆಯಿಂದ ಬಗ್ಗಿ ಬಗ್ಗಿ ನೋಡುತ್ತಿದ್ದಳು. ಅವಳ ಹಿಂದೆ ಇದ್ದ ನಜೀಮಾಗೆ ನಗು ತಡೆಯಲಾಗಲಿಲ್ಲ. ನಜೀಮಾ ನಮ್ಮ ಕ್ಯಾಚರ್, ಬ್ಯಾಟು ಹಿಡಿದವಳ ಹಿಂದೆ ಕುಕ್ಕರಗಾಲಿನಲ್ಲಿ ಕೂತು ಚೆಂಡು ಹಿಡಿಯುವವಳು. ಶ್ರೀರಂಗಪಟ್ಟಣದ ಪೇಟೆಯ ಹುಡುಗಿ, ಅಪ್ಪ ಲಗೇಜ್ ಆಟೋ ಓಡಿಸುತ್ತಾರೆ. "ಬತ್ತದೆ ಕಣೇ, ಅದೇನ್ ಗಂಡನ ಮನೆಗೆ ಹೋಯ್ತಾ ಐತಾ," ಎಂದು ಸೌಮ್ಯಳ ಜಡೆ ಎಳೆದಳು.

ನಾಗಮಂಗಲದ ಹುಡುಗಿಯರು ಬ್ಯಾಗಿನ ತುಂಬ ಚಟ್ನಿಪುಡಿ ತುಂಬಿಕೊಂಡಿದ್ದರು. ಪ್ರತಿ ಡಬ್ಬಿಯನ್ನೂ ತೆಗೆಸಿ ಮೂಸಿ ನೋಡಿದ ಅಧಿಕಾರಿಗೆ ಕೊನೆಗೆ ಸೀನು ಬಂತು. ಅಲ್ಲಿಗೆ ನಮ್ಮನ್ನು ಬಿಟ್ಟರು.

ತೈನಾನ್: ಹಾಡುವ ಗಾಡಿ

ತೈವಾನ್ ಎಂದರೆ ಬರೀ ಕಾರ್ಖಾನೆ ಎಂದುಕೊಂಡಿದ್ದೆ. ತೈನಾನಿನ ಹೊರಗೆ ಬಂದರೆ ಕಬ್ಬು, ಗದ್ದೆ, ಗದ್ದೆಯ ನಡುವೆ ನೇರವಾದ ನೀರಿನ ಕಾಲುವೆ. ಬಸ್ಸಿನ ಕಿಟಕಿಯಿಂದ ಕೆ.ಆರ್. ಪೇಟೆಯ ಒಬ್ಬಳು, "ಮೇಡಂ, ನಮ್ ನಾಲೆ ಏರಿ ಮೇಲೇ ಹೋಯ್ತಾ ಇದೀವಾ?" ಎಂದಳು. ಒಂದೇ ವ್ಯತ್ಯಾಸ: ಏರಿಯ ಮೇಲೆ ಬಟ್ಟೆ ಒಗೆಯುವವರಿಲ್ಲ, ಎಮ್ಮೆಯಿಲ್ಲ, ಹರಟೆಯಿಲ್ಲ. ನಾಲೆ ಬಿಕೋ ಎನ್ನುತ್ತಿತ್ತು.

ಸಂಜೆ ನಾವು ಇಳಿದುಕೊಂಡಿದ್ದ ಹಾಸ್ಟೆಲಿನ ಬೀದಿಯಲ್ಲಿ ಇಂಪಾದ ಸಂಗೀತ ಕೇಳಿಸಿತು. ಹಳದಿ ಬಣ್ಣದ ದೊಡ್ಡ ಗಾಡಿಯೊಂದು ನಿಧಾನವಾಗಿ ಬರುತ್ತಿತ್ತು. ಮನೆಮನೆಯಿಂದ ಜನ ಓಡಿ ಬರುತ್ತಿದ್ದರು. ನಮ್ಮ ಹುಡುಗಿಯರು ಐಸ್‌ಕ್ರೀಮು ಎಂದು ತೀರ್ಮಾನಿಸಿ, ತಟ್ಟೆ ಲೋಟ ಹಿಡಿದು ಅವರಿಗಿಂತ ಮೊದಲೇ ಓಡಿದರು. ಹತ್ತಿರ ಹೋದ ಮೇಲೆ ನಜೀಮಾ ಕೂಗಿದಳು, "ಯಾ ಅಲ್ಲಾ! ವಾಪಸ್ ಬರ್ರೇ, ಕಸದ ಗಾಡಿ ಕಣ್ರೇ ಇದು! ನಮ್ ಪೇಟೇಲೂ ಇಂಗೇ ಹಾಡ್ತದೆ!" ತಟ್ಟೆ ಹಿಡಿದು ನಿಂತ ಸೌಮ್ಯಳನ್ನು ಕಂಡು ಅಲ್ಲಿಯ ಅಜ್ಜಿಯೊಬ್ಬರಿಗೆ ಏನನ್ನಿಸಿತೋ, ಒಳಗೆ ಹೋಗಿ ಸಿಪ್ಪೆ ಸುಲಿದ ಸೀಬೆಹಣ್ಣು ತಂದು ಆ ತಟ್ಟೆಗೆ ಹಾಕಿದರು. ಅದರ ಮೇಲೆ ಹುಳಿಹುಳಿಯಾದ ಒಂದು ಪುಡಿ. ಕಸ ಹಾಕುವ ಜಾಗದಲ್ಲಿ ನಿಂತು ಹಣ್ಣು ತಿಂದೆವು. ನಮ್ಮಲ್ಲಿಯೂ ಅಜ್ಜಿಯರು ಹೀಗೆಯೇ, ಖಾಲಿ ತಟ್ಟೆ ಕಂಡರೆ ಅವರಿಗೆ ಆಗದು.

ನನ್ನ ಪೆದ್ದುತನವನ್ನೂ ಹೇಳಿಬಿಡುತ್ತೇನೆ. ಬೀದಿ ಬದಿಯಲ್ಲಿ ಗಾಜಿನ ಗೂಡಂಗಡಿಗಳಲ್ಲಿ ಎಲೆ ಅಡಿಕೆ ಮಾರುವುದನ್ನು ಕಂಡು ತವರೇ ಸಿಕ್ಕ ಹಾಗಾಯಿತು. ಒಂದು ಬಾಯಿಗೆ ಹಾಕಿಕೊಂಡೆ. ಹಸಿ ಅಡಿಕೆ, ಇಡಿಯಾಗಿ. ಸ್ವಲ್ಪ ಹೊತ್ತಿಗೆ ಕಿವಿ ಬಿಸಿಯಾಗಿ, ಹಣೆಯಲ್ಲಿ ಬೆವರು ಇಳಿದು, ರಸ್ತೆ ಒಂದು ಕಡೆ ವಾಲತೊಡಗಿತು. ಹುಡುಗಿಯರು ನನ್ನನ್ನು ಬೆಂಚಿನ ಮೇಲೆ ಕೂರಿಸಿ ಟೋಪಿಯಿಂದ ಗಾಳಿ ಹಾಕಿದರು. ಅಂದಿನಿಂದ ಅವರಿಗೆ ನನ್ನ ಮೇಲಿನ ಭಯ ಅರ್ಧ ಹೋಯಿತು.

ಮೈದಾನ: ಉಂಗುರದ ಹಿಡಿತ

ಅಲ್ಲಿಯ ತಂಡವನ್ನು ನಡೆಸುವವರು ಲಿನ್ ಎಂಬ ಹೆಂಗಸು, ನನ್ನದೇ ವಯಸ್ಸು. ಅವರ ಇಂಗ್ಲಿಷು, ನನ್ನ ಇಂಗ್ಲಿಷು ಒಂದೇ ಜಾತಿಯವು. ವ್ಯಾಕರಣ ಇಬ್ಬರಿಗೂ ಬೇಡ. ಹಾಗಾಗಿ ಚೆನ್ನಾಗಿ ಹೊಂದಿಕೊಂಡೆವು.

ಅವರ ಹುಡುಗಿಯರು ಮೈದಾನಕ್ಕೆ ಕಾಲಿಡುವ ಮೊದಲು ಸಾಲಾಗಿ ನಿಂತು, ಟೋಪಿ ತೆಗೆದು, ಬಗ್ಗಿ ಮೈದಾನಕ್ಕೆ ವಂದಿಸಿದರು. ನಮ್ಮವರು ಬಗ್ಗಿ ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಂಡು ಒಳಗೆ ಹೋದರು. ಲಿನ್ ಅದನ್ನು ಕಂಡು ತಲೆದೂಗಿದರು. ಅಷ್ಟರಲ್ಲಿ ಅರ್ಧ ಪರಿಚಯ ಮುಗಿದಿತ್ತು.

ಸೌಮ್ಯಳ ಕೈಯನ್ನು ಲಿನ್ ತಮ್ಮ ಅಂಗೈ ಮೇಲೆ ಇಟ್ಟುಕೊಂಡು ನೋಡಿದರು. "ಸ್ಮಾಲ್. ಸ್ಟ್ರಾಂಗ್," ಎಂದರು. ಮೊದಲು ಚೆಂಡನ್ನು ಅಂಗೈಯ ಒಳಗೆ ಪೂರ್ತಿ ಒತ್ತಿ ಹಿಡಿಯುವುದನ್ನು ತೋರಿಸಿದರು. ಸೌಮ್ಯ ಎಸೆದಳು. ಚೆಂಡು ನಜೀಮಾಳ ತಲೆಯ ಮೇಲೆ ಹಾರಿ ಹಿಂದಿನ ಜಾಲರಿಗೆ ಬಡಿಯಿತು. ಆಮೇಲೆ ಮೂರು ಬೆರಳು ಮೇಲಿಟ್ಟು ಹಿಡಿಯುವುದು. ಚೆಂಡು ಸರಿಯಾದ ಜಾಗಕ್ಕೆ ಹೋಯಿತು, ಆದರೆ ಅದೇ ಹಳೆಯ ವೇಗದಲ್ಲಿ. ಆಮೇಲೆ ಬೆರಳ ತುದಿಯನ್ನು ಹೊಲಿಗೆಯ ಮೇಲೆ, ಹೊಲಿಗೆಯ ಪಕ್ಕ, ಹೊಲಿಗೆಗೆ ಅಡ್ಡ. ಬಿಸಿಲು ಏರಿತು. "ಎಟುಕಾಕಿಲ್ಲ ಮೇಡಂ," ಎಂದು ಸೌಮ್ಯ ನನ್ನ ಕಡೆ ನೋಡಿದಳು.

ಕೊನೆಗೆ ಲಿನ್ ಹೆಬ್ಬೆರಳು ಮತ್ತು ತೋರುಬೆರಳಿನ ತುದಿ ಕೂಡಿಸಿ ಚೆಂಡಿನ ಪಕ್ಕದಲ್ಲಿ ಉಂಗುರ ಮಾಡಿ, ಉಳಿದ ಮೂರು ಬೆರಳಿಗೆ ಚೆಂಡನ್ನು ಒಪ್ಪಿಸಿ ಹಿಡಿದು ತೋರಿಸಿದರು. ನಾನು ಮನಸ್ಸಿನಲ್ಲೇ, ಇದಂತೂ ಆಗದ ಮಾತು ಎಂದುಕೊಂಡೆ. ದೊಡ್ಡ ಕೈಯವರೇ ಒದ್ದಾಡುವ ಹಿಡಿತ ಅದು. ಸೌಮ್ಯ ಮಾತ್ರ ಆ ಉಂಗುರವನ್ನೇ ನೋಡುತ್ತಾ ನಿಂತಳು.

"ಮೇಡಂ, ಇದು ಹಾಲು ಕರೆಯೋ ಕೈ ಅಲ್ವಾ?"

ಅವಳ ಮನೆಯಲ್ಲಿ ಮೂರು ಹಸು. ಬೆಳಿಗ್ಗೆ ಡೈರಿಗೆ ಹಾಲು ಹಾಕುವ ಮೊದಲು ಕರೆಯುವವಳು ಅವಳೇ. ಹೆಬ್ಬೆರಳು, ತೋರುಬೆರಳಿನ ಉಂಗುರ ಮೇಲೆ ತಡೆದು ನಿಂತರೆ ಕೆಳಗಿನ ಮೂರು ಬೆರಳು ಕೆಲಸ ಮಾಡಬೇಕು. ಚೆಂಡು ಕೈಯಲ್ಲಿ ಕೂತಿತು. ಎಸೆದಳು. ಸೀದಾ ಅವಳ ಕಾಲ ಬುಡಕ್ಕೇ ಬಿತ್ತು. ಅಭ್ಯಾಸಬಲದಿಂದ ಆ ಮೂರು ಬೆರಳು ಚೆಂಡನ್ನು ಹಿಂಡಿಬಿಟ್ಟಿದ್ದವು.

"ಹಿಂಡ್ಬೇಡ್ವೇ! ಚೆಂಡಲ್ಲಿ ಹಾಲು ಬರಾಕಿಲ್ಲ!" ಎಂದು ನಜೀಮಾ ಕೂಗಿದಳು.

ಹಿಂಡದೆ, ಕರೆಯುವ ಮೊದಲು ಕೆಚ್ಚಲು ಸವರುವಷ್ಟು ಹಗುರವಾಗಿ ಹಿಡಿಯಲು ಹೊರಟಳು. ಜಾರಿತು, ಹಾರಿತು, ಪಕ್ಕಕ್ಕೆ ಹೋಯಿತು. ನೆರಳು ಉದ್ದವಾಗುವ ಹೊತ್ತಿಗೆ ಒಂದು ಚೆಂಡು ತೋಳಿನಿಂದ ಜೋರಾಗಿ ಬಿಡಿಸಿಕೊಂಡು, ದಾರಿಯಲ್ಲಿ ಯಾರೋ ಮಾತಾಡಿಸಿದರೆಂಬಂತೆ ನಿಧಾನವಾಗಿ, ನಜೀಮಾಳ ಗ್ಲೌವಿಗೆ ಇಳಿದು ಬಿತ್ತು. ನಜೀಮಾ ಚೆಂಡನ್ನು ತೆಗೆದು ನೋಡಿದಳು, ಅವಳಿಗೂ ನಂಬಿಕೆ ಬರಲಿಲ್ಲ. ನನಗೆ ಖುಷಿಗೆ ಕಣ್ಣು ತುಂಬಿ ಬಂತು. ಬಿಸಿಲು ಎಂದು ಹೇಳಿ ಕಪ್ಪು ಕನ್ನಡಕ ಹಾಕಿಕೊಂಡೆ.

ಮೊದಲ ಆಟ

ಲಿನ್ ಅವರ ತಂಡದೊಂದಿಗೆ ಎರಡು ಆಟ ಎಂದು ಮಾತಾಗಿತ್ತು. ಮೊದಲನೆಯದರಲ್ಲಿ ಸೌಮ್ಯಳ ಜೋರು ಚೆಂಡುಗಳು ಹೇಗೋ ನಡೆದವು. ನಿಧಾನದ ಚೆಂಡು ಹೋದಾಗಲೆಲ್ಲ ಅವರ ಹುಡುಗಿಯರು ಮೊದಲೇ ಹೇಳಿಟ್ಟ ಹಾಗೆ ಕಾದು ನಿಂತು ಬಾರಿಸಿದರು. ಎಸೆದದ್ದು ಚೆನ್ನಾಗಿತ್ತು. ತೋಳು ಸರಿಯಿತ್ತು, ವೇಗ ಸರಿಯಿತ್ತು. ಆದರೂ ಪ್ರತಿಯೊಂದೂ ಏಟು.

ನಡುವೆ ಹಿಡಿತ ಬದಲಿಸಿದೆವು. ಉಂಗುರ ಸಡಿಲ ಮಾಡು ಎಂದೆ, ಬಿಗಿ ಮಾಡು ಎಂದೆ. ಮತ್ತೆ ಮೂರು ಬೆರಳಿಗೆ ಹೋಗು ಎಂದೆ. ಅವಳು ಹೇಳಿದ್ದನ್ನೆಲ್ಲ ಮಾಡಿದಳು, ಎಲ್ಲಕ್ಕೂ ಏಟು ಬಿತ್ತು. ಸೋತು ಆಟ ಮುಗಿದಾಗ ಗ್ಲೌವು ಕಳಚಿಟ್ಟು, ಚೆಂಡು ಎಸೆಯುವ ಬಲಗೈ ನೋಡಿಕೊಂಡು, "ನನ್ ಕೈಯೇ ಸರೀಗಿಲ್ಲ ಬುಡಿ ಮೇಡಂ. ಕವಿತಾನ್ನೇ ನಿಲ್ಸಿ," ಎಂದಳು.

ನಾನು ಚೆಲ್ಲಾಡಿದ್ದ ಚೆಂಡುಗಳನ್ನು ಆರಿಸತೊಡಗಿದೆ.

ಎಲ್ಲರೂ ಕೈಕಾಲು ತೊಳೆಯಲು ಹೋದ ಮೇಲೆ ಲಿನ್ ನನ್ನ ಹತ್ತಿರ ಬಂದರು. ಒಂದು ಚೆಂಡು ಎತ್ತಿಕೊಂಡು, ನಿಂತು, ಆ ಚೆಂಡನ್ನು ಬಲಗಣ್ಣಿಗೊಮ್ಮೆ ಎಡಗಣ್ಣಿಗೊಮ್ಮೆ ಒತ್ತಿಕೊಂಡರು. ಆಮೇಲೆ ಎಸೆಯುವಂತೆ ನಟಿಸಿ, "ಐ, ಐ, ಸ್ಲೋ," ಎಂದರು. ಮತ್ತೊಮ್ಮೆ ನಿಂತು, ಕಣ್ಣಿಗೆ ಒತ್ತಿಕೊಳ್ಳದೆ ತೋಳು ಬೀಸಿ, "ನೋ ಐ. ಫಾಸ್ಟ್," ಎಂದರು.

ನನಗೆ ಒಂದು ಕ್ಷಣ ಏನೂ ಹೊಳೆಯಲಿಲ್ಲ. ಹೊಳೆದಾಗ ಹಣೆ ಚಚ್ಚಿಕೊಂಡೆ. ಸೌಮ್ಯ ನಿಧಾನದ ಚೆಂಡು ಎಸೆಯುವ ಮುಂಚೆ ಪ್ರತಿ ಸಲವೂ ಅದನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದಳು. ಜೋರು ಚೆಂಡಿಗೆ ಇಲ್ಲ. ಎದುರಿನವರಿಗೆ ಅದು ಊರಿಗೆಲ್ಲ ಡಂಗುರ ಹೊಡೆದ ಹಾಗೆ ಕಂಡಿತ್ತು. ನಮಗೆ ಕಂಡಿರಲಿಲ್ಲ. ನಾನು ನೋಡುತ್ತಲೇ ಇದ್ದೆ, ನಜೀಮಾ ಎದುರಿಗೇ ಕೂತಿದ್ದಳು. ಪುಸ್ತಕ ಕಾಲಿಗೆ ತಾಗಿದರೆ, ಬಸ್ಸಿನ ಮೊದಲ ಟ್ರಿಪ್ಪಿಗೆ ಸ್ಟೇರಿಂಗ್ ಹಿಡಿದರೆ, ಸಂತೆಯಲ್ಲಿ ಬೋಣಿಯಾದರೆ ಕಣ್ಣಿಗೊತ್ತಿಕೊಳ್ಳುವ ಜನ ನಾವು. ಅದು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ.

"ನೀವು ಯಾಕೆ ಹೇಳಿದಿರಿ? ನಾಳೆಯೂ ಗೆಲ್ಲಬಹುದಿತ್ತಲ್ಲ?" ಎಂದು ಹೇಗೋ ಕೈಬಾಯಿ ಕೂಡಿಸಿ ಕೇಳಿದೆ. ಲಿನ್ ತಮ್ಮ ಹುಡುಗಿಯರ ಕಡೆ ತೋರಿಸಿ ಮೂಗು ಮುರಿದರು. "ಮೈ ಗರ್ಲ್ಸ್ ಲುಕ್ ಐ. ನೋ ಲುಕ್ ಬಾಲ್. ನೋ ಗುಡ್."

ಸೌಮ್ಯಳಿಗೆ ಹೇಳಿದಾಗ ಅವಳಿಗೂ ಆಶ್ಚರ್ಯ. "ಅಂಗ್ ಮಾಡ್ತೀನಾ?" ಎಂದು ನಜೀಮಾಳನ್ನು ಕೇಳಿದಳು. "ಮಾಡ್ತೀಯ ಕಣೇ. ನಾನು ನಮಸ್ಕಾರ ಅನ್ಕೊಂಡು ಸುಮ್ನಿದ್ದೆ," ಎಂದಳು ನಜೀಮಾ.

"ನಿಧಾನದ್ದುಕ್ಕೆ ಮಾತ್ರ ಯಾಕೆ?" ಎಂದು ನಾನು ಕೇಳಿದೆ.

ಚೆಂಡನ್ನು ಕೈಯಲ್ಲಿ ತಿರುಗಿಸುತ್ತಾ ಹೇಳಿದಳು. "ಜೋರು ಬಾಲು ನಂದು ಮೇಡಂ. ಯಾರ್ನೂ ಕೇಳೋ ಅಂಗಿಲ್ಲ. ಇದು ಇನ್ನೂ ನಂದು ಅನ್ನಿಸ್ತಿಲ್ಲ. ಅದ್ಕೇ ಕೇಳ್ಕೊಂಡು ಎಸೀತೀನೇನೋ."

"ಯಾರ್ನ ಕೇಳ್ಕೋತೀಯ?"

"ಗೊತ್ತಿಲ್ಲ. ಬಾಲ್ನೇ ಇರ್ಬೇಕು."

ಬೈಯಬೇಕೆಂದು ಬಾಯಿ ತೆರೆದಿದ್ದವಳು ಮುಚ್ಚಿಕೊಂಡೆ. ಇಷ್ಟು ಹೆದರಿಕೆಯನ್ನು ಅವಳ ಕೈಗೆ ಹಾಕಿದವಳು ನಾನಲ್ಲವೇ? ದಿಬ್ಬದಿಂದ ಇಳಿಸುತ್ತೇನೆ ಎಂದು ಹೇಳಿ ಕಳಿಸಿದರೆ ಯಾವ ಹುಡುಗಿ ದೇವರನ್ನು ಕರೆಯದೆ ಇರುತ್ತಾಳೆ? ಒತ್ತಿಕೊಳ್ಳುವುದನ್ನು ಬಿಡು ಎಂದೆ. ಪ್ರಯತ್ನಪಟ್ಟಳು. ಬಿಡಲು ಹೋದರೆ ತೋಳು ಬಿಗಿಯಾಗಿ ಚೆಂಡು ಎಲ್ಲೆಲ್ಲೋ ಹೋಯಿತು. ಕೊನೆಗೆ ನಜೀಮಾ, "ಎಲ್ಲಾದುಕ್ಕೂ ಒತ್ಕೊ ಅತ್ಲಾಗೆ. ಅವ್ರೇನ್ ಮಾಡ್ತಾರೋ ನೋಡಾಣ," ಎಂದಳು. ಅದೇ ಸರಿ ಎಂದು ಒಪ್ಪಿಕೊಂಡೆವು.

ಎರಡನೆಯ ಆಟ

ಮರುದಿನ ಸೌಮ್ಯ ಪ್ರತಿ ಚೆಂಡನ್ನೂ ಕಣ್ಣಿಗೊತ್ತಿಕೊಂಡು ಎಸೆದಳು. ನಿಧಾನದ್ದೆಂದು ಕಾದವರ ಮುಂದೆ ಜೋರು ಚೆಂಡು ಸುಯ್ಯೆಂದು ಹೋಯಿತು. ಅವರ ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಲಿನ್ ಮಾತ್ರ ಕೈ ಕಟ್ಟಿಕೊಂಡು ಬಹಳ ಸಂತೋಷದಿಂದ ತಮ್ಮವರನ್ನು ಗದರುತ್ತಿದ್ದರು.

ಉಪಾಯ ಎಷ್ಟು ಹೊತ್ತು ನಡೆದೀತು? ಅರ್ಧ ಆಟ ಕಳೆಯುವಷ್ಟರಲ್ಲಿ ಅವರು ಕಣ್ಣು ನೋಡುವುದನ್ನು ಬಿಟ್ಟು ಚೆಂಡು ನೋಡತೊಡಗಿದರು. ಏಟು ಬೀಳತೊಡಗಿದವು. ಅವರ ಸರದಿಯ ಕೊನೆಯಲ್ಲಿ ಓಡಿ ಮುಟ್ಟಬೇಕಾದ ಮೂರು ಮೂಲೆಗಳಲ್ಲೂ, ಬೇಸ್ ಎನ್ನುತ್ತಾರಲ್ಲ, ಅವರ ಓಟಗಾರ್ತಿಯರು ನಿಂತಿದ್ದರು, ಇನ್ನೊಬ್ಬಳನ್ನು ಔಟ್ ಮಾಡಿದರೆ ನಮ್ಮ ಸರದಿ. ಬ್ಯಾಟು ಹಿಡಿದು ಬಂದವಳು ಅವರಲ್ಲೇ ಗಟ್ಟಿಗಿತ್ತಿ, ಹಿಂದಿನ ದಿನ ಸೌಮ್ಯಳ ಚೆಂಡನ್ನು ಬೇಲಿಯಾಚೆಗೆ ಕಳಿಸಿದ್ದವಳು. ಆಗಲೇ ಎರಡು ಸಲ ಬೀಸಿ ತಪ್ಪಿದ್ದಳು. ಇನ್ನೊಂದು ತಪ್ಪಿದರೆ ಔಟ್. ಆದರೆ ಆ ಎರಡೂ ಸಲ ಚೆಂಡಿಗೆ ಕೂದಲೆಳೆಯಷ್ಟು ಹತ್ತಿರ ಬಂದಿದ್ದಳು. ಮೂರನೆಯದು ತಪ್ಪುವುದಿಲ್ಲ ಎಂದು ನನಗೆ ಖಾತ್ರಿಯಾಯಿತು.

ಬೇಸ್‌ಬಾಲಿನಲ್ಲಿ ಒಂದು ಪದ್ಧತಿಯಿದೆ. ಪಿಚರನ್ನು ಬದಲಿಸಬೇಕೆಂದರೆ ತಂಡ ನಡೆಸುವವರೇ ದಿಬ್ಬದವರೆಗೆ ನಡೆದು ಹೋಗಿ ಕೈ ಚಾಚಬೇಕು. ಅವಳು ಆ ಕೈಯಲ್ಲಿ ಚೆಂಡು ಇಟ್ಟು ಇಳಿದು ಹೋಗಬೇಕು. ಮಾತಿಲ್ಲ, ಕತೆಯಿಲ್ಲ. ನಾನು ಕವಿತಾಗೆ ತೋಳು ಬಿಸಿ ಮಾಡಿಕೊ ಎಂದು ಸನ್ನೆ ಮಾಡಿ ಎದ್ದೆ. ಆ ಮೈದಾನದಷ್ಟು ದೊಡ್ಡ ಮೈದಾನವನ್ನು ನಾನು ಯಾವತ್ತೂ ದಾಟಿರಲಿಲ್ಲ. ನಜೀಮಾ ಮುಖದ ಕವಚ ಮೇಲೆತ್ತಿಕೊಂಡು ಓಡಿ ಬಂದಳು.

ಸೌಮ್ಯಳ ಮುಂದೆ ಕೈ ಚಾಚಿದೆ.

"ಕೊಡಾಕಿಲ್ಲ ಮೇಡಂ," ಎಂದಳು.

ದನಿ ಏರಿರಲಿಲ್ಲ. ಅವಳು ನೆಲ ನೋಡದೆ ನನ್ನನ್ನೇ ನೋಡುತ್ತಿದ್ದಳು. ಬಲಗೈ ಬೆನ್ನ ಹಿಂದೆ ಇತ್ತು, ಚೆಂಡು ಅದರಲ್ಲಿತ್ತು. ಇಷ್ಟು ವರ್ಷದಲ್ಲಿ ಒಂದು ಹುಡುಗಿಯೂ ನನಗೆ ಹೀಗೆ ಎದುರಾಡಿರಲಿಲ್ಲ, ಆಡಿದ್ದರೆ ಮೈದಾನಕ್ಕೆ ಸುತ್ತು ಹೊಡೆಸುತ್ತಿದ್ದೆ. ಅಂದು ಮಾತ್ರ ಈ ಹುಡುಗಿಯ ಮೇಲೆ ನನಗೆ ಎಷ್ಟು ಪ್ರೀತಿಯಿದೆ ಎಂದು ಅಲ್ಲಿ ನಿಂತುಕೊಂಡೇ ಗೊತ್ತಾಯಿತು. ಚಾಚಿದ ಕೈಯನ್ನು ಅವಳ ಭುಜದ ಮೇಲಿಟ್ಟು, "ಎಸಿ," ಎಂದು ಖಾಲಿ ಕೈಯಲ್ಲಿ ವಾಪಸ್ಸು ಬಂದೆ.

ಬೆಂಚಿನ ಹತ್ತಿರ ತಿರುಗುವಷ್ಟರಲ್ಲಿ ಅವಳ ಕಾಲು ಎದ್ದಿತ್ತು. ಕಣ್ಣಿಗೊತ್ತಿಕೊಂಡಿರಲಿಲ್ಲ. ತೋಳು ಗಿಣಿ ಓಡಿಸುವ ಜೋರಿನಲ್ಲಿ ಬಂತು. ಆ ಗಟ್ಟಿಗಿತ್ತಿ ಇದ್ದ ಬಲವನ್ನೆಲ್ಲ ಹಾಕಿ ಬ್ಯಾಟು ಬೀಸಿದಳು. ಬೀಸಿ ಮುಗಿಸಿದಳು. ಬೀಸಿದ ಜೋರಿಗೆ ಒಂದು ಮಂಡಿ ನೆಲಕ್ಕೆ ಹತ್ತಿತು. ಚೆಂಡು ಇನ್ನೂ ಬರುತ್ತಿತ್ತು. ಬಂದು ನಜೀಮಾಳ ಗ್ಲೌವಿನಲ್ಲಿ ಮೆತ್ತಗೆ ಕೂತಿತು. ಮಂಡಿಯೂರಿದವಳು ಆ ಗ್ಲೌವನ್ನು ತಿರುಗಿ ನೋಡಿ ಜೋರಾಗಿ ನಕ್ಕುಬಿಟ್ಟಳು.

ಆಟ ನಾವು ಸೋತೆವು. ಅದಾದ ಮೇಲೆ ನಮ್ಮ ಬ್ಯಾಟುಗಾರ್ತಿಯರು ಒಬ್ಬರೂ ಮೊದಲ ಮೂಲೆಯನ್ನೂ ಮುಟ್ಟಲಿಲ್ಲ. ಅದರ ಬಗ್ಗೆ ಬೇರೆ ದಿನ ಬೈದಿದ್ದೇನೆ.

ಎರಡೂ ತಂಡ ಸಾಲಾಗಿ ನಿಂತು ಮೈದಾನಕ್ಕೆ ವಂದಿಸಿದ ಮೇಲೆ ಎಲ್ಲರೂ ನೆರಳಿನಲ್ಲಿ ಕೂತರು. ಲಿನ್ ತಣ್ಣನೆಯ ಟೀ ಬಾಟಲಿಗಳನ್ನು ಹಂಚುತ್ತಾ ಬಂದು ನನ್ನ ಪಕ್ಕ ಕೂತರು. "ನೆಕ್ಸ್ಟ್ ಇಯರ್, ಕಮ್," ಎಂದರು. "ಕಮ್, ಕಮ್," ಎಂದೆ. ಒಂದು ಗುಟುಕು ಕುಡಿದು, "ಪಿಚರ್ ಹೂ?" ಎಂದು ಕೇಳಿದರು.

ನಮ್ಮ ಹುಡುಗಿಯರಿಗೆ ಇಂಗ್ಲಿಷ್ ಎಷ್ಟೇ ಕಮ್ಮಿ ಬರಲಿ, ಆ ಎರಡು ಪದ ಎಲ್ಲರಿಗೂ ಗೊತ್ತು. ಶೂ ಬಿಚ್ಚುತ್ತಿದ್ದವರ ಕೈ ನಿಂತಿತು. ಕವಿತಾ ಬಾಟಲಿ ಕೆಳಗಿಟ್ಟಳು. ಸೌಮ್ಯ ಮಾತ್ರ ತಲೆ ಎತ್ತದೆ ಗ್ಲೌವಿನ ದಾರ ಬಿಗಿಮಾಡುತ್ತಾ ಕೂತಿದ್ದಳು. ಅದು ಬಿಗಿಯಾಗಿಯೇ ಇತ್ತು.

ನಾನು ಅವಳ ಕಡೆ ಕೈ ತೋರಿಸಿದೆ. "ಶೀ," ಎಂದೆ.

ಸೌಮ್ಯ ಗ್ಲೌವಿನೊಳಗೆ ಮುಖ ಹುದುಗಿಸಿಕೊಂಡಳು. ಭುಜ ಎರಡೂ ಅಲುಗಾಡುತ್ತಿದ್ದವು. ನಜೀಮಾ ಅವಳ ಬೆನ್ನಿಗೊಂದು ಗುದ್ದಿ, "ಅಳ್ಬೇಡ ಕಣೇ, ಗ್ಲೌವು ನೆಂದೋಯ್ತದೆ," ಎಂದಳು.